ಓದುಗರ ಪ್ರಶ್ನೆಗಳಿಗೆ ಉತ್ತರ: ಎಂಡರ್ಬಿ ದ್ವೀಪದಲ್ಲಿ ಉಳಿದ ಒಂದೇ ಹಸು

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಅಜ್ಜನ ಕಾಲದಿಂದಲೂ ಕಾಸರಗೋಡು ಗಿಡ್ಡ ದನಗಳಿವೆ. ನ್ಯೂಜಿಲೆಂಡಿನ ಒಂದು ದ್ವೀಪದಲ್ಲಿ ಕಾಡುಬಿದ್ದಿದ್ದ ದನಗಳನ್ನೆಲ್ಲ ಗುಂಡಿಕ್ಕಿ ಕೊಂದರೆಂದೂ, ಉಳಿದ ಒಂದೇ ಹಸುವಿನಿಂದ ಆ ತಳಿಯನ್ನು ಮತ್ತೆ ಬೆಳೆಸಿದರೆಂದೂ ಕೇಳಿದ್ದೇನೆ. ಇದು ನಿಜವೇ? ಸಾಕುವವರಿಲ್ಲದೆ ಅವು ಬದುಕಿದ್ದು ಹೇಗೆ?
– ಓದುಗರೊಬ್ಬರು, ಪೆರ್ಲ

ಉತ್ತರ: ನಿಜ. ಆ ದ್ವೀಪದ ಹೆಸರು ಎಂಡರ್ಬಿ. ನ್ಯೂಜಿಲೆಂಡಿನ ದಕ್ಷಿಣ ತುದಿಯಿಂದ ಸುಮಾರು 460 ಕಿಲೋಮೀಟರ್ ಆಚೆ ಇರುವ ಆಕ್ಲೆಂಡ್ ದ್ವೀಪಸಮೂಹದ ಉತ್ತರದಂಚಿನಲ್ಲಿರುವ ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿನಷ್ಟೇ. 1894ರ ಸುಮಾರಿಗೆ ಅಲ್ಲಿ ಗೇಣಿಗೆ ಭೂಮಿ ಪಡೆದವರೊಬ್ಬರು ಶಾರ್ಟ್‌ಹಾರ್ನ್ ತಳಿಯ ಒಂಬತ್ತು ದನಗಳನ್ನು ಇಳಿಸಿದರು. ವ್ಯವಹಾರ ಗಿಟ್ಟಲಿಲ್ಲ. 1910ರ ಹೊತ್ತಿಗೆ ಗೇಣಿ ಬಿಟ್ಟುಹೋಯಿತು, ದನಗಳು ಅಲ್ಲೇ ಉಳಿದವು. ಬಿಡದೆ ಬೀಸುವ ಶೀತಗಾಳಿಯಲ್ಲಿ ಅವು ಒರಟು ಹುಲ್ಲನ್ನೂ ಪೊದೆಗಳ ಚಿಗುರನ್ನೂ ಮೇದವು. ಕಡಲತೀರಕ್ಕಿಳಿದು ಅಲೆಗಳು ತಂದು ಹಾಕಿದ ಕಡಲಪಾಚಿಯನ್ನು ತಿನ್ನುವುದನ್ನೂ ರೂಢಿಸಿಕೊಂಡವು. ಆ ಮೇವಿಗೆ, ಆ ಚಳಿಗೆ ಒಗ್ಗದವು ಅಳಿದು, ಒಗ್ಗಿದವು ಮಾತ್ರ ಕರು ಹಾಕುತ್ತ ಬಂದು, ಎಂಟು ದಶಕಗಳಲ್ಲಿ ಗಿಡ್ಡವಾದ, ಗಟ್ಟಿಮುಟ್ಟಾದ ಒಂದು ಪ್ರತ್ಯೇಕ ಹಿಂಡೇ ರೂಪುಗೊಂಡಿತು. ಹಿಂಡಿಯ ರುಚಿ ನೋಡದೆ, ಬೇಸಗೆಯಲ್ಲಿ ಗುಡ್ಡೆಯ ಒಣಹುಲ್ಲನ್ನೂ ಸೊಪ್ಪನ್ನೂ ಮೇದು ಬರುವ ಗಿಡ್ಡ ದನವನ್ನು ಕಂಡಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಆ ದ್ವೀಪ ದನಗಳಿಗೆ ಮಾತ್ರ ಸೇರಿದ್ದಲ್ಲ. ಅಪರೂಪದ ಕಡಲಸಿಂಹಗಳು ಮರಿ ಹಾಕುವ, ಹಳದಿ ಕಣ್ಣಿನ ಪೆಂಗ್ವಿನ್‌ಗಳು ಗೂಡು ಮಾಡುವ ನೆಲ ಅದು. ಅಲ್ಲಿನ ಅಗಲ ಎಲೆಯ ಸಸ್ಯಗಳನ್ನು ದನಗಳೂ ಮೊಲಗಳೂ ಮೇದು ಬರಿದು ಮಾಡಿದ್ದವು. ಆದ್ದರಿಂದ ದನಗಳನ್ನು ಅಲ್ಲಿಂದ ತೆಗೆಯುವ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಕೊಲ್ಲುವ ಮೊದಲು ನಾಲ್ಕಾರು ಹಸುಗಳನ್ನೂ ಒಂದೆರಡು ಹೋರಿಗಳನ್ನೂ ಜೀವಂತವಾಗಿ ಮುಖ್ಯಭೂಮಿಗೆ ಸಾಗಿಸದೆ ಹೋದದ್ದು ಮಾತ್ರ ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ. 1991ರಲ್ಲಿ ಸುಮಾರು ಐವತ್ತು ದನಗಳನ್ನು ಕೊಂದಾಗ ಅಪರೂಪದ ತಳಿಗಳ ಸಂರಕ್ಷಣಾ ಸಂಘದವರು ಸತ್ತ ಪ್ರಾಣಿಗಳಿಂದ ವೀರ್ಯವನ್ನೂ ಅಂಡಾಣುಗಳನ್ನೂ ಸಂಗ್ರಹಿಸಿದರು. ಆ ಅಂಡಾಣುಗಳಿಂದ ಕರು ಹುಟ್ಟಲಿಲ್ಲ.

ಮರುವರ್ಷ, ಗುಂಡಿಗೆ ಸಿಗದೆ ಉಳಿದಿದ್ದ ಒಂದು ಹಸುವೂ ಅದರ ಕರುವೂ ಕಣ್ಣಿಗೆ ಬಿದ್ದವು. 1993ರ ಆರಂಭದಲ್ಲಿ ಅವನ್ನು ಹಿಡಿದು ತಂದರು, ಕರು ಉಳಿಯಲಿಲ್ಲ. ಲೇಡಿ ಎಂಬ ಹೆಸರಿನ ಆ ಹಸುವಿನ ಮೇಲೆ ಕೃತಕ ಗರ್ಭಧಾರಣೆಯ ಎಲ್ಲ ವಿಧಾನಗಳನ್ನೂ ವರ್ಷಗಟ್ಟಲೆ ಪ್ರಯೋಗಿಸಿದಾಗ, ಅದರ ಅಂಡಾಣು ಮತ್ತು ಸಂಗ್ರಹದಲ್ಲಿದ್ದ ವೀರ್ಯದಿಂದ ಡರ್ಬಿ ಎಂಬ ಒಂದೇ ಒಂದು ಹೋರಿಕರು ಸಿಕ್ಕಿತು. ಕೊನೆಗೆ ಹ್ಯಾಮಿಲ್ಟನ್ ಬಳಿಯ ರುವಾಕುರ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ವೆಲ್ಸ್ ಮತ್ತು ಸಂಗಡಿಗರು ಲೇಡಿಯ ಅಂಡಾಶಯದ ಜೀವಕೋಶಗಳನ್ನು ಬೆಳೆಸಿ, ನ್ಯೂಕ್ಲಿಯಸ್ (ವಂಶವಾಹಿಗಳಿರುವ ಕೇಂದ್ರಭಾಗ) ತೆಗೆದ ಸಾಮಾನ್ಯ ದನದ ಅಂಡಾಣುವಿನೊಳಗೆ ಸೇರಿಸಿ, ಆ ಭ್ರೂಣವನ್ನು ಬಾಡಿಗೆ ತಾಯಿಯ ಗರ್ಭದಲ್ಲಿಟ್ಟರು. ಹೀಗೆ 1998ರ ಜುಲೈ 31ರಂದು ಎಲ್ಸಿ ಹುಟ್ಟಿತು, ಮುಂದೆ ಇನ್ನೂ ಕೆಲವು ತದ್ರೂಪಿ ಕರುಗಳು ಹುಟ್ಟಿದವು.

ತಳಿ ಮತ್ತೆ ಬೆಳೆಯಿತು ಎನ್ನುವಾಗ ಒಂದು ವಿಷಯವನ್ನು ಮರೆಯಬಾರದು. ಎಲ್ಸಿಯೂ ಅದರ ಜೊತೆಯವೂ ವಂಶವಾಹಿಗಳ ಲೆಕ್ಕದಲ್ಲಿ ಲೇಡಿಯೇ. ಡರ್ಬಿ ಲೇಡಿಯ ಮಗ. ಆದ್ದರಿಂದ ಅವುಗಳ ಜೋಡಿ ತಾಯಿ–ಮಗನ ಜೋಡಿಗೆ ಸಮ. ಹಿಂಡು ಹೆಚ್ಚಬಹುದು, ಕೊಲ್ಲಲ್ಪಟ್ಟ ದನಗಳಲ್ಲಿದ್ದ ವೈವಿಧ್ಯ ಅದರಿಂದ ಹಿಂದಿರುಗುವುದಿಲ್ಲ.

ಪ್ರಶ್ನೆ: ಇಂಥ ದನಗಳು ಬೇರೆ ದ್ವೀಪಗಳಲ್ಲಿಯೂ ಇದ್ದವೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಇದ್ದವು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಫ್ರಾನ್ಸಿಗೆ ಸೇರಿದ ಆಮ್‌ಸ್ಟರ್‌ಡ್ಯಾಮ್ ದ್ವೀಪದಲ್ಲಿ 1871ರಲ್ಲಿ ಒಬ್ಬ ರೈತ ಬಿಟ್ಟುಹೋದ ಐದು ದನಗಳು 1988ರ ಹೊತ್ತಿಗೆ ಸುಮಾರು 2,000 ಆಗಿದ್ದವು. ಅವುಗಳ ರಕ್ತದಲ್ಲಿ ಮುಕ್ಕಾಲು ಪಾಲು ಯುರೋಪಿನ ದನಗಳದ್ದು, ಕಾಲು ಪಾಲು ನಮ್ಮ ದನಗಳಂತೆ ಹಿಣಿಲಿರುವ ತಳಿಯದು ಎಂಬುದು ಸಂಶೋಧನೆಯಿಂದ ತಿಳಿದಿದೆ. ಆ ದ್ವೀಪದಲ್ಲಿ ಮಾತ್ರ ಗೂಡು ಮಾಡುವ ಆಲ್ಬಟ್ರಾಸ್ ಹಕ್ಕಿಯನ್ನೂ ಅಲ್ಲಿನ ಮರಗಳನ್ನೂ ಉಳಿಸಲು, 2010ರ ವೇಳೆಗೆ ಅವುಗಳನ್ನೆಲ್ಲ ಕೊಲ್ಲಲಾಯಿತು. ಅಲ್ಲಿ ಲೇಡಿಯಂಥ ಹಸುವೂ ಉಳಿಯಲಿಲ್ಲ.

ಪ್ರಶ್ನೆ: ಈಗ ವೀರ್ಯವನ್ನು ಶೈತ್ಯದಲ್ಲಿ ಕಾಪಿಡಬಹುದಲ್ಲವೇ? ಹಾಗಿರುವಾಗ ಗಿಡ್ಡ ತಳಿಯ ಹೋರಿಯನ್ನು ಮನೆಯಲ್ಲಿ ಸಾಕುವ ಖರ್ಚು ಏಕೆ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ವೀರ್ಯವೊಂದರಿಂದಲೇ ತಳಿ ಹುಟ್ಟುವುದಿಲ್ಲ, ಅದಕ್ಕೆ ಅದೇ ತಳಿಯ ಹಸು ಬೇಕು. ಬೇರೆ ತಳಿಯ ಹಸುವಿಗೆ ಕೊಡಿಸಿದರೆ ಹುಟ್ಟುವ ಕರುವಿನಲ್ಲಿ ಅರ್ಧ ಪಾಲು ಮಾತ್ರ ಗಿಡ್ಡವಿರುತ್ತದೆ. ಎಂಡರ್ಬಿಯಲ್ಲಿ ಹಲವು ಹೋರಿಗಳ ವೀರ್ಯ ಕೈಯಲ್ಲಿದ್ದರೂ ಇದ್ದ ಹಸು ಒಂದೇ ಆದ್ದರಿಂದ ಅಷ್ಟು ಪಾಡುಪಡಬೇಕಾಯಿತು.

ನಮ್ಮ ರಾಜ್ಯದ್ದೇ ಅನುಭವವೂ ಇದೆ. 1961ರ ಕೇರಳ ಜಾನುವಾರು ಅಭಿವೃದ್ಧಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಹೋರಿ ಸಾಕುವಂತಿರಲಿಲ್ಲ. ನಾಡ ಹೋರಿಗಳ ಬೀಜ ಒಡೆಸಿ, ಹಸುಗಳಿಗೆ ವಿದೇಶಿ ತಳಿಯ ವೀರ್ಯವನ್ನು ಕೊಡಿಸಿದ್ದರಿಂದ ವೈಕಂ ಬಳಿಯ ವೆಚ್ಚೂರು ದನ ಇನ್ನಿಲ್ಲವೆನ್ನುವ ಸ್ಥಿತಿಗೆ ಬಂದಿತ್ತು. 1989ರಲ್ಲಿ ಡಾ. ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಹಳ್ಳಿಹಳ್ಳಿ ಅಲೆದು ಉಳಿದವನ್ನು ಹುಡುಕಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾಕಿದ್ದರಿಂದ ಅದು ಉಳಿಯಿತು. ಯಾವ ಕಾಯಿದೆಗೂ ಜಗ್ಗದೆ ಹಳೆಯ ದನವನ್ನೇ ಇಟ್ಟುಕೊಂಡಿದ್ದ ಕೆಲವು ಮನೆಗಳು ಇರದಿದ್ದರೆ ಅವರ ಹುಡುಕಾಟ ಬರಿದಾಗುತ್ತಿತ್ತು.

ನೀವು ಒಬ್ಬರೇ ಹೋರಿಯ ಖರ್ಚು ಹೊರಬೇಕೆಂದಿಲ್ಲ. ನೆರೆಕರೆಯ ಐದಾರು ಹಟ್ಟಿಗಳವರು ಸೇರಿ ಒಂದು ಒಳ್ಳೆಯ ಹೋರಿಯನ್ನು ಬೀಜ ಒಡೆಸದೆ ಇಟ್ಟುಕೊಳ್ಳಿ. ಅದರ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ ದೂರದ ಊರಿನ ಇನ್ನೊಂದು ಹೋರಿಯೊಡನೆ ಬದಲಾಯಿಸಿಕೊಳ್ಳಿ. ಯಾವ ಕರು ಯಾವ ಹೋರಿಯದೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಬದಲಾಯಿಸುವಾಗ ಹತ್ತಿರದ ರಕ್ತಸಂಬಂಧದ ದನಗಳು ಕೂಡದಂತೆ ನೋಡಿಕೊಳ್ಳಲು ನಿಮ್ಮ ಪಂಚಾಯತಿನ ಪಶುವೈದ್ಯರೂ ನೆರವಾಗಬಲ್ಲರು.