ಭೇದಿಯನ್ನು ಹಲ್ಲಿನ ತಲೆಗೆ ಕಟ್ಟಬೇಡಿ

ಎರಡು ವರ್ಷದೊಳಗಿನ ಮಕ್ಕಳ ಭೇದಿಯ ಬಗ್ಗೆ ಬಂದ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೇನೆ. ಕೈಬರಹ ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ದಿನವೂ ಬಾಯಲ್ಲಿ ಹೇಳುವುದನ್ನೇ ಮತ್ತೆ ಬರೆಯುವಾಗ ದನಿ ಏರಿದ್ದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು. ಎರಡು ತಿಂಗಳಲ್ಲಿ ಮೂರು ಸಲ ಭೇದಿಯಾಯಿತು. ನೀರನ್ನು ಕುದಿಸಿ ಆರಿಸಿಯೇ ಕೊಡುತ್ತೇವೆ. ಹಲ್ಲು ಬರುವಾಗ ಇದೆಲ್ಲ ಸಹಜ, ಔಷಧ ಬೇಡ ಎಂದು ಹಿರಿಯರು ಹೇಳುತ್ತಾರೆ. ನಿಜವೇ?

ಹಲ್ಲು ಸೀಳಿಕೊಂಡು ಬರುವುದು ವಸಡನ್ನು. ಕರುಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹಿರಿಯರಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವೂ ಇಲ್ಲ. ಮೊದಲ ಹಲ್ಲು ಮೂಡುವ ಕಾಲಕ್ಕೇ ಮಗು ಅಂಬೆಗಾಲಿಡುತ್ತದೆ, ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಮೇಲಾಹಾರ ಶುರುವಾಗುತ್ತದೆ, ಹುಟ್ಟುವಾಗ ತಾಯಿಯಿಂದ ಬಂದ ರಕ್ಷಣೆ ಕರಗುತ್ತಾ ಬರುತ್ತದೆ. ಬಡ ದೇಶಗಳಲ್ಲಿ ಭೇದಿ ಅತಿ ಹೆಚ್ಚು ಕಾಡುವುದು 6ರಿಂದ 11 ತಿಂಗಳ ಮಕ್ಕಳನ್ನು. ಹಲ್ಲು ಪಾಪ, ಅದೇ ಹೊತ್ತಿಗೆ ಬಂದು ಸಿಕ್ಕಿಬೀಳುತ್ತದೆ.

ನೀರು ಕುದಿಸಿದಿರಿ, ಸಂತೋಷ. ಆಮೇಲೆ ಅದನ್ನು ಎಲ್ಲಿಟ್ಟಿರಿ? ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿದರೆ ಬೆರಳೂ ಅದ್ದಿದಂತೆಯೇ. ಶುದ್ಧವಾಗಿದ್ದ ನೀರು ಮನೆಯೊಳಗೆ ಕೆಡುವುದು ಹೀಗೆ. ನಲ್ಲಿಯಿರುವ ಪಾತ್ರೆಯೋ ಉದ್ದ ಹಿಡಿಯ ಸೌಟೋ ಇರಲಿ.

ಇನ್ನು ಬಾಟಲಿ. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ, ಆದರೂ ನನಗೆ ಗುಮಾನಿ. ಹಿಂದೆ ಒಬ್ಬ ತಾಯಿ ನಿಮ್ಮ ಹಾಗೆಯೇ ದೂರು ತಂದಿದ್ದರು. ಚೀಲದಲ್ಲಿದ್ದ ಬಾಟಲಿಯನ್ನು ಕೇಳಿ ಪಡೆದೆ. ಹೊರಗೆ ಥಳಥಳ. ಮುಚ್ಚಳ ತಿರುಚಿ, ರಬ್ಬರ್ ನಿಪ್ಪಲ್ಲನ್ನು ಒಳಮೈ ಹೊರಗೆ ಮಾಡಿ ತೋರಿಸಿದೆ. ಅಂಚಿನ ಸುತ್ತ ಹಳದಿಗಟ್ಟಿದ ಹಾಲಿನ ಪಸೆ. ಉಗುರಿನಿಂದ ಕೆರೆದರೆ ಬಂತು, ಹುಳಿ ವಾಸನೆಯೂ ಬಂತು. ಅವರು ದಿನವೂ ತೊಳೆಯುತ್ತಿದ್ದರು, ಆದರೆ ಬ್ರಷ್ಷು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅನುಕೂಲ ಸಿಕ್ಕಿದರೆ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬೆಳಗ್ಗೆ ತುಂಬಿದ ಬಾಟಲಿ ಮಧ್ಯಾಹ್ನಕ್ಕೆ ಏನಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ. ನನ್ನ ಸಲಹೆ ಕಟುವಾದದ್ದು: ಬಾಟಲಿಯನ್ನು ಎಸೆಯಿರಿ. ಎದೆಹಾಲು ಮುಂದುವರಿಸಿ, ಬೇರೆ ಏನು ಕೊಡುವುದಿದ್ದರೂ ಲೋಟ, ಚಮಚ ಸಾಕು. ಬೇಯಿಸಿದ ಮೇಲಾಹಾರವನ್ನು ಮುಚ್ಚಿಟ್ಟು ಸಂಜೆಗೂ ಉಣಿಸುವ ಮನೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಎಳೆಮಗುವಿನ ಮಲದಲ್ಲಿ ದೋಷವಿಲ್ಲ ಎಂಬ ನಂಬಿಕೆಯಂತೂ ನನ್ನ ಸಹನೆ ಕೆಡಿಸುತ್ತದೆ. ರೋಗಾಣುಗಳ ವಿಷಯದಲ್ಲಿ ಅದು ದೊಡ್ಡವರದಕ್ಕಿಂತ ಏನೂ ಕಡಿಮೆಯಿಲ್ಲ. ಅದನ್ನು ಶೌಚಾಲಯಕ್ಕೇ ಹಾಕಬೇಕು, ಬಳಿಕ ಕೈಗೆ ಸೋಪು ಬೀಳಬೇಕು. ಸೋಪಿನಿಂದ ಕೈ ತೊಳೆಯುವ ರೂಢಿಯೊಂದೇ ಭೇದಿಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ.

ಇಷ್ಟಾದರೂ ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಎಂಬ ರೋಗಾಣು ಸೋಪಿಗೆ ಅಷ್ಟಾಗಿ ಹೆದರುವುದಿಲ್ಲ; ಶ್ರೀಮಂತ ದೇಶಗಳ ಮಕ್ಕಳನ್ನೂ ಅದು ಬಿಟ್ಟಿಲ್ಲ. ಅದಕ್ಕೆ 6ನೇ ವಾರದಿಂದಲೇ ಬಾಯಿಗೆ ಹಾಕುವ ಲಸಿಕೆಯಿದೆ. ಮಗಳ ಲಸಿಕೆ ಕಾರ್ಡು ತೆಗೆದು ನೋಡಿ. ದಡಾರದ ಲಸಿಕೆಯನ್ನೂ ತಪ್ಪಿಸಬೇಡಿ, ದಡಾರದ ಬೆನ್ನಿಗೆ ಬರುವ ಭೇದಿ ಬಹಳ ಕೆಟ್ಟದ್ದು. ಪತ್ರದಲ್ಲಿ ತೂಕವನ್ನೇಕೆ ಬರೆದಿಲ್ಲ? ಸೊರಗಿದ ಮಗುವಿಗೆ ಭೇದಿ ಬೇಗ ಬಿಡುವುದಿಲ್ಲ, ಬಿಡದ ಭೇದಿ ಮಗುವನ್ನು ಇನ್ನಷ್ಟು ಸೊರಗಿಸುತ್ತದೆ. ಮೂರು ಸಲವಾಗಿದೆ ಎಂದರೆ ಈ ವಾರವೇ ತೂಗಿಸಿ.

ಔಷಧದ ಮಾತು: ಹೆಚ್ಚಿನ ಭೇದಿಗಳಿಗೆ ಆಂಟಿಬಯಾಟಿಕ್ ಬೇಡ, ಅಷ್ಟರಮಟ್ಟಿಗೆ ಹಿರಿಯರು ಸರಿ. ಓಆರ್‌ಎಸ್, ಅಂದರೆ ಪೊಟ್ಟಣದ ಉಪ್ಪು-ಸಕ್ಕರೆಯ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸುವ ದ್ರಾವಣ, ಬೇಕೇ ಬೇಕು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 10ರಿಂದ 14 ದಿನ. ಭೇದಿ ನಿಂತ ಮೇಲೂ ಅವಧಿ ಮುಗಿಸಿ.

ಪ್ರಶ್ನೆ: ನಾಲ್ಕು ತಿಂಗಳ ಮಗು. ಸೆಕೆ ಇದ್ದಾಗ ಎರಡು ಚಮಚ ನೀರು?

ಬೇಡ. ಆರು ತಿಂಗಳವರೆಗೆ ಎದೆಹಾಲಿನ ನೀರೇ ಸಾಕು.

ಪ್ರಶ್ನೆ: ಹೊಟ್ಟೆಗೆ ವಿಶ್ರಾಂತಿ ಸಿಗಲೆಂದು ಒಂದು ದಿನ ಉಪವಾಸ ಕೆಡವಬಹುದೇ?

ಮೊದಲು ನೀವು ಉಪವಾಸವಿದ್ದು ನೋಡಿ.

ಪ್ರಶ್ನೆ: ಪರಿಚಯದ ‘ಡಾಕ್ಟರ್’ ಒಬ್ಬರು ಭೇದಿ ನಿಲ್ಲಿಸುವ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟರು. ಭೇದಿ ನಿಂತಿತು, ಹೊಟ್ಟೆ ಉಬ್ಬಿದೆ.

ನಿಂತಿರುವುದು ಕರುಳಿನ ಚಲನೆ. ಈ ಪುಟ ಮಡಚಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ, ಮಾತ್ರೆಯ ಚೀಟಿಯೂ ಕೈಯಲ್ಲಿರಲಿ. ಲೋಪೆರಮೈಡ್‌ನಂಥ ಮಾತ್ರೆಗಳು ಪುಟ್ಟ ಮಕ್ಕಳಿಗೆ ನಿಷಿದ್ಧ. ಅದು ಗೊತ್ತಿಲ್ಲದವರಿಗೆ ಹೆಸರಿನ ಹಿಂದೆ ಆ ಪದ ಏಕೆ ಬೇಕೋ!

ಪ್ರಶ್ನೆ: ಓಆರ್‌ಎಸ್ ಕೊಟ್ಟ ಕೂಡಲೇ ವಾಂತಿ ಮಾಡುತ್ತಾನೆ. ನಿಲ್ಲಿಸಲೇ?

ಹತ್ತು ನಿಮಿಷ ಮಾತ್ರ ನಿಲ್ಲಿಸಿ. ಆಮೇಲೆ ಎರಡು ನಿಮಿಷಕ್ಕೋ ಮೂರು ನಿಮಿಷಕ್ಕೋ ಒಂದೊಂದು ಚಮಚ, ಲೋಟದಿಂದ ಗಟಗಟನೆ ಬೇಡ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಬೆರೆಸಿ. ಅಂದಾಜಿನಲ್ಲಿ ಅರ್ಧ ಸುರಿಯಬೇಡಿ. ಕಣ್ಣು ಗುಳಿಬಿದ್ದರೆ, ಮಂಕಾಗಿ ಮಲಗಿಬಿಟ್ಟರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಚಮಚ ಹಿಡಿದು ಕಾಯುತ್ತ ಕೂರಬೇಡಿ. ದಾರಿಯುದ್ದಕ್ಕೂ ಕುಡಿಸುತ್ತ ಆಸ್ಪತ್ರೆಗೆ ಹೋಗಿ.