ಕೆಂಪಿಗೆ ನೀಲಿ ಬೆರೆಸಿದರೂ ನೇರಳೆ ಬರುತ್ತಿಲ್ಲ, ಬ್ರ್ಯಾಂಡ್ ಬದಲಾಯಿಸಬೇಕಾ?

ಬ್ರ್ಯಾಂಡ್ ಬದಲಾಯಿಸಬೇಡಿ. ಬಣ್ಣದ ಚಕ್ರವನ್ನು ಇನ್ನೊಂದು ಸಲ ಬಾಯಿಪಾಠ ಮಾಡಿದರೂ ಪ್ರಯೋಜನವಿಲ್ಲ. ಕ್ಯಾಡ್ಮಿಯಂ ರೆಡ್ ಮತ್ತು ಥ್ಯಾಲೋ ಬ್ಲೂ ಅಕ್ರಿಲಿಕ್ ಬೆರೆಸುತ್ತಿದ್ದೇನೆ ಅಂತ ಬರೆದಿದ್ದೀರಿ. ಅಯ್ಯೋ, ಆರ್ಟ್ ಕಾಲೇಜಿನ ಫೌಂಡೇಶನ್ ವರ್ಷದಲ್ಲಿ ನಾನು ಒದ್ದಾಡಿದ್ದೂ ಇದೇ ಜೋಡಿಯ ಜೊತೆ.

ಆಗ ಮಾರ್ಚ್. ಕಬ್ಬನ್ ಪಾರ್ಕಿನಲ್ಲಿ ಜಕರಂಡ ಮರ ನೇರಳೆ ಹೂ ಬಿಟ್ಟಿತ್ತು. ಸಬ್ಮಿಷನ್‌ಗೆ ಒಂದು ಹೊರಾಂಗಣ ಚಿತ್ರ ಬೇಕಿತ್ತು. ಜೊತೆಯವರು ಹೈಕೋರ್ಟಿನ ಕೆಂಪು ಕಟ್ಟಡ ಬರೆಯಲು ಕೂತರು. ನನಗೆ ಜಕರಂಡವೇ ಆಗಬೇಕು ಅಂತ ಹಠ. ಕೆಂಪಿಗೆ ನೀಲಿ ಸೇರಿಸಿದರೆ ನೇರಳೆ, ಚಿಕ್ಕ ಮಕ್ಕಳಿಗೂ ಗೊತ್ತು ಅಲ್ವಾ? ಬೆರೆಸಿದೆ. ಪ್ಯಾಲೆಟ್ ಮೇಲೆ ಕಾಫಿ ಚರಟದಂಥ ಕಂದು. ಬಿಳಿ ಹಾಕಿದೆ, ಬೂದಿಯಾಯಿತು.

ಪೇಂಟೇ ಕಳಪೆ ಅಂದುಕೊಂಡೆ. ಮನೆಯವರು ಪಿಜಿಗೆ ಅಂತ ಕಳಿಸಿದ ದುಡ್ಡಿನಲ್ಲಿ ವಿದೇಶಿ ಟ್ಯೂಬು ತಂದೆ. ಯಾವುದು? ಮತ್ತೆ ಅದೇ ಕ್ಯಾಡ್ಮಿಯಂ ರೆಡ್, ಅದೇ ಥ್ಯಾಲೋ ಬ್ಲೂ! ಈ ಸಲ ದುಬಾರಿ ಕಂದು ಬಂತು. ಮೇಷ್ಟ್ರು ಚಿತ್ರ ನೋಡಿ "ಇದು ಹೂವೋ ಹೊಗೆಯೋ?" ಅಂದರು. ಮಾರ್ಕ್ಸೂ ಹೊಗೆಯಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನಗೆ ಆಗ ಯಾರೂ ಹೇಳಲಿಲ್ಲ. ಪೇಂಟ್ ಬೆರೆಸುವುದು ಅಂದರೆ ಬೆಳಕನ್ನು ಕಳೆಯುವುದು. ಕ್ಯಾಡ್ಮಿಯಂ ರೆಡ್ ಕಿತ್ತಳೆ ಕಡೆಗೆ ವಾಲಿದ ಕೆಂಪು. ಬಿದ್ದ ಬೆಳಕಿನಲ್ಲಿ ನೀಲಿ, ಹಸಿರು ಭಾಗವನ್ನು ನುಂಗಿ ಕೆಂಪನ್ನು ವಾಪಸ್ ಕಳಿಸುತ್ತದೆ. ಥ್ಯಾಲೋ ಬ್ಲೂ ಹಸಿರಿನ ಕಡೆಗೆ ವಾಲಿದ ನೀಲಿ, ಅದು ಕೆಂಪನ್ನೇ ನುಂಗುತ್ತದೆ. ನೇರಳೆ ಕಾಣಬೇಕಾದರೆ ಕೆಂಪೂ ನೀಲಿಯೂ ಕಣ್ಣಿಗೆ ಬರಬೇಕು. ಇಲ್ಲಿ ಒಂದು ಉಳಿಸಿದ್ದನ್ನು ಇನ್ನೊಂದು ತಿಂದುಹಾಕಿತು. ಒಳ್ಳೆ ಟ್ಯೂಬಿನಲ್ಲಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ, ಜಾಸ್ತಿ, ಹಾಗಾಗಿ ತಿನ್ನುವುದೂ ಜಾಸ್ತಿ. ದುಡ್ಡು ಕೊಟ್ಟು ಸಮಸ್ಯೆಯನ್ನು ಗಟ್ಟಿ ಮಾಡಿಕೊಂಡಿದ್ದೆ.

ಅದಕ್ಕೇ ಟ್ಯೂಬಿನ ಮುಂದಿನ ಹೆಸರು ಬಿಡಿ, ಹಿಂದಿನ ಪಿಗ್ಮೆಂಟ್ ಕೋಡ್ ಓದಿ. ಪಿಆರ್ 122 ಅಂದರೆ ಕ್ವಿನಾಕ್ರಿಡೋನ್ ಮಜೆಂಟಾ. ಪಿಬಿ 29 ಅಂದರೆ ಅಲ್ಟ್ರಾಮರೀನ್. ಎರಡೂ ನೇರಳೆ ಕಡೆಗೇ ವಾಲಿವೆ, ಬೆರೆಸಿದರೆ ಶುದ್ಧ ನೇರಳೆ. ಇನ್ನೊಂದು ಮಾತು: ‘ಕ್ಯಾಡ್ಮಿಯಂ ರೆಡ್ ಹ್ಯೂ’ ಅಂತ ಬರೆದಿದ್ದರೆ ಒಳಗೆ ಕ್ಯಾಡ್ಮಿಯಂ ಇರುವುದಿಲ್ಲ, ಹಾಗೇ ಕಾಣುವ ಬೇರೆ ಪಿಗ್ಮೆಂಟ್ ಇರುತ್ತದೆ.

ಪ್ರಶ್ನೆಯ ಜೊತೆ ಟಿಂಟ್, ಶೇಡ್, ಟೋನ್ ಅಂತ ಉದ್ದದ ಪಟ್ಟಿ ಹಾಕಿದ್ದೀರಿ. ಬಿಳಿ ಸೇರಿದರೆ ಟಿಂಟ್, ಕಪ್ಪು ಸೇರಿದರೆ ಶೇಡ್, ಬೂದು ಸೇರಿದರೆ ಟೋನ್, ಅಷ್ಟೇ. ಅದಕ್ಕಿಂತ ಅಮೆರಿಕದ ಚಿತ್ರಕಲಾ ಮೇಷ್ಟ್ರು ಮನ್ಸೆಲ್ 1905ರಲ್ಲಿ ಪುಸ್ತಕ ಮಾಡಿ ಕೊಟ್ಟ ಮೂರು ಅಳತೆ ಹಿಡಿದುಕೊಳ್ಳಿ. ಯಾವ ಬಣ್ಣ ಅನ್ನುವುದು ಹ್ಯೂ. ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು ವ್ಯಾಲ್ಯೂ. ಎಷ್ಟು ಢಾಳು, ಎಷ್ಟು ಮಂಕು ಅನ್ನುವುದು ಕ್ರೋಮಾ. ಮರದ ಮೇಲಿನ ಜಕರಂಡ ಹೂವು, ರಸ್ತೆಯಲ್ಲಿ ಬಾಡಿ ಬಿದ್ದ ಹೂವು ಎರಡನ್ನೂ ಅಕ್ಕಪಕ್ಕ ಇಡಿ. ಹ್ಯೂ ಹೆಚ್ಚುಕಮ್ಮಿ ಅದೇ, ಕ್ರೋಮಾ ಇಳಿದಿರುತ್ತದೆ. ವ್ಯಾಲ್ಯೂ ನೋಡಲು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದರೆ ಸಾಕು.

ಬಣ್ಣ ಸರಿಯಿದ್ದೂ ಕಣ್ಣಿಗೆ ಸಪ್ಪೆ ಅನ್ನಿಸುವುದುಂಟು. ಪ್ಯಾರಿಸ್ಸಿನಲ್ಲಿ ಚಿತ್ರಗಂಬಳಿ ನೇಯುವ ಗೋಬೆಲಿನ್ ಕಾರ್ಖಾನೆಯಲ್ಲಿ ಕಪ್ಪು ದಾರ ಕಪ್ಪಾಗಿ ಕಾಣುತ್ತಿಲ್ಲ ಅಂತ ದೂರು ಬಂದಿತ್ತು. ಅಲ್ಲಿನ ಕೆಮಿಸ್ಟ್ ಶೆವ್ರೂಲ್ ನೋಡಿದರೆ ಡೈ ಸರಿಯಾಗೇ ಇದೆ, ಪಕ್ಕದ ದಾರದ ಬಣ್ಣವೇ ಅದನ್ನು ಮಂಕು ಮಾಡುತ್ತಿದೆ. 1839ರಲ್ಲಿ ಇದರ ಮೇಲೇ ದೊಡ್ಡ ಪುಸ್ತಕ ತಂದರು. ಬೆಳಿಗ್ಗೆ ಬೇಗ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ, ಹಳದಿ ಸೇವಂತಿಗೆ ರಾಶಿಯ ಮುಂದೆ ನೇರಳೆ ಬಟ್ಟೆಯ ಒಂದು ತುಂಡು ಹಿಡಿದು ನೋಡಿ. ಅದನ್ನೇ ನೀಲಿ ಟಾರ್ಪಾಲಿನ್ ಮುಂದೆ ಹಿಡಿಯಿರಿ. ಎರಡು ಬೇರೆ ಬಟ್ಟೆ ಅನ್ನಿಸುತ್ತದೆ.

ಗೋಡೆಗೆ ಚಾರ್ಟ್ ಬೇಡ, 24 ಬಣ್ಣದ ಡಬ್ಬಿಯೂ ಬೇಡ. ಆ ದುಡ್ಡಿಗೆ ಮಜೆಂಟಾ, ಅಲ್ಟ್ರಾಮರೀನ್ ತನ್ನಿ. ಥ್ಯಾಲೋ ಬಿಸಾಡಬೇಡಿ, ಲೆಮನ್ ಯೆಲ್ಲೋ ಜೊತೆ ಚೆನ್ನಾದ ಎಳೆ ಹಸಿರು ಕೊಡುತ್ತದೆ. ಬ್ರಷ್ ತುದಿಯಲ್ಲಿ ಚೂರೇ ಚೂರು ತಗೊಳ್ಳಿ, ಜಾಸ್ತಿಯಾದರೆ ಹಳದಿ ಪೂರ್ತಿ ಮುಳುಗಿಹೋಗುತ್ತದೆ.