ಗರಗಸ ಹಿಡಿದು ಓದುವವರಿಗಾಗಿ

ನಮಸ್ಕಾರ.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಬೇಟೆಯಾಡುವವರು ತಮ್ಮ ಬಾಣವನ್ನು ಬಿಲ್ಲಿಗೆ ಹೊಂದಿಸಿಕೊಳ್ಳುವುದು ಹೇಗೆ ಎಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ನಿಮಗೆ ವಿಷಯ ಗೊತ್ತಿದೆ. ಅದನ್ನು ಹೇಳಿರುವ ಕ್ರಮ ತಪ್ಪಿದೆ, ಅಷ್ಟೇ. ಆದರೆ ಈ ವಿಷಯದಲ್ಲಿ ಕ್ರಮ ತಪ್ಪುವುದು ಸಣ್ಣ ತಪ್ಪಲ್ಲ.

ಈ ಕೆಲಸವನ್ನು ನೀವು ತಂಬೂರಿಗೆ ಶ್ರುತಿ ಹಿಡಿಯುವುದಕ್ಕೆ ಹೋಲಿಸಿದ್ದೀರಿ. ಹೋಲಿಕೆ ಚೆನ್ನಾಗಿದೆ. ಆದರೆ ಬಿರಡೆ ಜಾಸ್ತಿ ತಿರುಗಿದರೆ ಹಿಂದಕ್ಕೆ ತಿರುಗಿಸಬಹುದು. ಕತ್ತರಿಸಿದ ಬಾಣವನ್ನು ಯಾರೂ ಉದ್ದ ಮಾಡಲಾರರು. ನೀವು ಮೂರನೇ ಪ್ಯಾರಾದಲ್ಲೇ “ಬಾಣ ಮೆತ್ತಗಿದ್ದರೆ ಒಂದು ಇಂಚು ಕತ್ತರಿಸಿ” ಎಂದಿದ್ದೀರಿ. ಮೆತ್ತಗೆ ಅಂದರೆ ಸುಲಭವಾಗಿ ಬಾಗುವುದು, ಕತ್ತರಿಸಿದಷ್ಟೂ ಬಾಣ ಗಡುಸಾಗುತ್ತದೆ. ಆದರೆ ಮೆತ್ತಗಿದೆ ಎಂದು ತಿಳಿಯುವುದು ಹೇಗೆ ಅನ್ನುವುದು ಬರುವುದು ಏಳನೇ ಪ್ಯಾರಾದಲ್ಲಿ. ಅಷ್ಟರಲ್ಲಿ ಓದುಗ ಕತ್ತರಿಸಿ ಆಗಿರುತ್ತದೆ. ಇಂಥ ಬರಹವನ್ನು ಜನ ಕೈಯಲ್ಲಿ ಗರಗಸ ಹಿಡಿದೇ ಓದುತ್ತಾರೆ. ನಾನೂ ಹಾಗೆ ಓದಿದವನೇ. ಒಂದೇ ಬಾಣದ ಒಂದೇ ಏಟು ನೋಡಿ ಆರು ಬಾಣಗಳನ್ನು ಕತ್ತರಿಸಿದ್ದೆ. ಆರೂ ಅತಿ ಗಡುಸಾದವು. ಮೊನೆಯ ತೂಕ ಹೆಚ್ಚಿಸಿ ನಾಲ್ಕನ್ನು ಹೇಗೋ ಉಳಿಸಿಕೊಂಡೆ.

ಹಾಗಾಗಿ ಕೈ ಕೆಲಸ ಮಾಡುವ ಕ್ರಮದಲ್ಲೇ ಬರೆಯಿರಿ. ಹೆದೆ ಏರಿಸಿದಾಗ ಬಿಲ್ಲಿನ ಹಿಡಿಕೆಗೂ ಹೆದೆಗೂ ಎಷ್ಟು ಅಂತರ ಇರಬೇಕು ಅನ್ನುವುದು ಮೊದಲು. ಆಮೇಲೆ ಬಾಣದ ಬಾಲ ಹೆದೆಯ ಮೇಲೆ ಎಲ್ಲಿ ಕೂರಬೇಕು ಅನ್ನುವುದು. ಇವೆರಡೂ ಸರಿಯಾದ ಮೇಲೆ ಗರಿಯಿಲ್ಲದ ಬಾಣದ ಪರೀಕ್ಷೆ, ಅಂದರೆ ಗರಿಯಿರುವ ಬಾಣಗಳ ಜೊತೆ ಗರಿಯಿಲ್ಲದ್ದನ್ನೂ ಬಿಟ್ಟು ಅದು ಎಲ್ಲಿ, ಹೇಗೆ ನೆಡುತ್ತದೆ ಎಂದು ನೋಡುವುದು. ನಂತರ ಮೊನೆ ಬದಲಿಸಿ ನೋಡುವುದು. 100, 125, 150 ಗ್ರೇನ್‌ನ (ಗ್ರೇನ್ ಅಂದರೆ ಮೊನೆಯ ತೂಕದ ಅಳತೆ) ಮೊನೆಗಳನ್ನು ತಿರುಪಿ ಹಾಕಬಹುದು, ತೆಗೆಯಬಹುದು. ಭಾರದ ಮೊನೆ ಹಾಕಿದರೆ ಬಾಣ ಮೆತ್ತಗೆ ವರ್ತಿಸುತ್ತದೆ, ಹಗುರದ್ದು ಹಾಕಿದರೆ ಗಡುಸಾಗಿ. ಇಷ್ಟು ಮಾಡಿಯೂ ಆಗದಿದ್ದರೆ ಮಾತ್ರ ಕತ್ತರಿಸುವ ಮಾತು. ಅದೂ ಕಾಲು ಇಂಚು, ಒಂದೇ ಬಾಣಕ್ಕೆ, ಮತ್ತೆ ಬಿಟ್ಟು ನೋಡಿ.

ಈಗ ನೇರ ತಪ್ಪುಗಳು. “ಸ್ಪೈನ್ ಸಂಖ್ಯೆ ಹೆಚ್ಚಿದಷ್ಟೂ ಬಾಣ ಗಡುಸು” ಎಂದು ಬರೆದಿದ್ದೀರಿ. ಸ್ಪೈನ್ ಅಂದರೆ ಬಾಣದ ಗಡುಸುತನದ ಅಳತೆ. ಮರದ ಬಾಣಕ್ಕೆ ನಿಮ್ಮ ಮಾತು ನಿಜ. ಅಲ್ಲಿ ಸಂಖ್ಯೆ ಪೌಂಡ್ ಲೆಕ್ಕದಲ್ಲಿರುತ್ತದೆ. ಕಾರ್ಬನ್ ಬಾಣಕ್ಕೆ ಪೂರ್ತಿ ಉಲ್ಟಾ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಅದು ಇಂಚಿನ ಸಾವಿರದ ಎಷ್ಟು ಭಾಗ ಬಾಗುತ್ತದೋ ಅದೇ ಸಂಖ್ಯೆ. 500 ಅಂದರೆ ಅರ್ಧ ಇಂಚು ಬಾಗಿತು ಎಂದರ್ಥ. 340ರದ್ದು ಅದಕ್ಕಿಂತ ಕಡಿಮೆ ಬಾಗುತ್ತದೆ, ಹಾಗಾಗಿ ಅದೇ ಗಡುಸು. ನಿಮ್ಮ ಸಾಲು ನಂಬಿದ ಹೊಸಬರು ತಪ್ಪು ಬಾಣ ಕೊಂಡುಬಿಡುತ್ತಾರೆ.

ಇನ್ನೊಂದು, “ಗರಿಯಿಲ್ಲದ ಬಾಣ ಎಡಕ್ಕೆ ಬಿದ್ದರೆ ಗಡುಸು, ಬಲಕ್ಕೆ ಬಿದ್ದರೆ ಮೆತ್ತಗೆ” ಎಂದಿದ್ದೀರಿ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಮಾತ್ರ ಇದು ಸರಿ. ಎಡಗೈಯವರು ಇದನ್ನು ತಿರುಗಿಸಿ ಓದಬೇಕು. ಆ ಒಂದು ಸಾಲು ಸೇರಿಸಿ. ಯಾವುದರ ಎಡಕ್ಕೆ ಅಂತಲೂ ಹೇಳಿಲ್ಲ. ಅದೇ ದೂರದಿಂದ ಬಿಟ್ಟ ಗರಿಯಿರುವ ಬಾಣಗಳ ಎಡಕ್ಕೆ, ಅಲ್ವಾ? ಗುರಿಯ ನಡುವಿನ ಚುಕ್ಕೆಯ ಎಡಕ್ಕೆ ಅಲ್ಲ.

ಮೇಲೆ-ಕೆಳಗಿನ ವಿಚಾರದಲ್ಲಿ ಒಂದು ಮೋಸ ಇದೆ, ಅದನ್ನು ನೀವು ಹೇಳಿಲ್ಲ. ಗರಿಯಿಲ್ಲದ ಬಾಣ ಬಾಲ ಎತ್ತಿಕೊಂಡು ನೆಟ್ಟರೆ ಹೆದೆಯ ಮೇಲಿನ ಜಾಗ ಎತ್ತರವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಜಾಗ ತೀರಾ ಕೆಳಗಿದ್ದರೂ ಹಾಗೇ ಆಗುತ್ತದೆ. ಬಾಣದ ಹಿಂಭಾಗ ಬಿಲ್ಲಿಗೆ ಬಡಿದು ಪುಟಿಯುತ್ತದೆ. ಅದು ಗೊತ್ತಿಲ್ಲದವರು ಇನ್ನೂ ಕೆಳಗಿಳಿಸುತ್ತಾ ಹೋಗಿ ದಿನವಿಡೀ ಒದ್ದಾಡುತ್ತಾರೆ. ಎತ್ತರದಿಂದ ಶುರುಮಾಡಿ ಸ್ವಲ್ಪಸ್ವಲ್ಪ ಇಳಿಸಿದರೆ ಈ ತೊಡಕಿಲ್ಲ. ಇದನ್ನು ನಿಧಾನವಾಗಿ, ಬಿಡಿಸಿ ಬರೆಯಿರಿ.

ನಿಮ್ಮ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ್ದು ಬಾಣ ಬಿಲ್ಲನ್ನು ಬಳಸಿಕೊಂಡು ಹೋಗುವ ಭಾಗ. ಹೆದೆ ಬಿಟ್ಟ ಕ್ಷಣ ಬಾಣ ಬಾಗುತ್ತದೆ, ಬಿಲ್ಲನ್ನು ಸುತ್ತಿ ಹೋಗಿ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ತೋರಿಸಿದರು ಎಂದು ಬರೆದಿದ್ದೀರಿ. ಅದನ್ನು ಕೊನೆಯಲ್ಲಿ ಯಾಕೆ ಬಚ್ಚಿಟ್ಟಿರಿ? ಮುಂದಕ್ಕೆ ತನ್ನಿ. ಗಡುಸು, ಮೆತ್ತಗೆ, ಎಡ, ಬಲ ಎಲ್ಲದರ ಕಾರಣ ಅಲ್ಲೇ ಇದೆ. ಅದು ಅರ್ಥವಾದ ಓದುಗನಿಗೆ ಉಳಿದದ್ದನ್ನು ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ. ಪೂರ್ವಜರ ಶೌರ್ಯದ ಪ್ಯಾರಾ ಬೇಡ.

“ಪ್ರಾಣಿಗೆ ನರಳಾಟ ಆಗಬಾರದು” ಎಂದು ಮೊದಲಲ್ಲೇ ಬರೆದಿದ್ದೀರಿ. ನನಗೂ ಈ ವಿಷಯದಲ್ಲಿ ಮುಖ್ಯ ಅನ್ನಿಸುವುದು ಅದೇ. ಆದರೆ ಆಮೇಲೆ ಆ ಮಾತು ಎಲ್ಲೂ ಬರುವುದಿಲ್ಲ. ಓಲಾಡುತ್ತಾ ಹೋದ ಬಾಣ ಅಡ್ಡಡ್ಡ ತಗಲುತ್ತದೆ, ಅದರ ಬಲ ಪಕ್ಕಕ್ಕೆ ಹೋಗುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಗಾಯಗೊಂಡ ಪ್ರಾಣಿ ಓಡಿಹೋಗುತ್ತದೆ. ಹದ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಇದನ್ನು ಪರೀಕ್ಷೆಯ ಜೊತೆಗೇ ಹೇಳಿ.

ಬೇಟೆಯ ಬ್ರಾಡ್‌ಹೆಡ್ ಮೊನೆಯನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಅದರ ಅಲಗುಗಳು ಗಾಳಿಯನ್ನು ಹಿಡಿಯುತ್ತವೆ, ಅಭ್ಯಾಸದ ಮೊನೆ ಮುಚ್ಚಿಟ್ಟ ತಪ್ಪನ್ನು ಹೊರಗೆ ಹಾಕುತ್ತವೆ. ಎರಡೂ ಒಂದೇ ಕಡೆ ಬೀಳುವ ತನಕ ಕಾಡಿಗೆ ಹೋಗಬಾರದು ಎಂದು ಖಚಿತವಾಗಿ ಬರೆಯಿರಿ. ಬಾಣ ತೀರಾ ಗಿಡ್ಡವಾದರೆ ಪೂರ್ತಿ ಎಳೆದಾಗ ಅಲಗು ಬಿಲ್ಲು ಹಿಡಿದ ಕೈಬೆರಳಿಗೆ ತಾಗಬಹುದು, ಅದನ್ನೂ ಬಿಡಬೇಡಿ. ಈ ಭಾಗ ಒಂದು ಪುಟವಾದರೂ ಆಗಲಿ. ಮುಂದಿನ ಸಲ ಕಳಿಸಿದಾಗ ನಾನು ಮೊದಲು ಓದುವುದು ಆ ಪುಟವನ್ನೇ.